ಡಿಸ್ಕ್ ಬ್ರೇಕಿನ ದ್ರವ: ಡಾಟ್ ಮತ್ತು ಮಿನರಲ್ ಆಯಿಲ್

ನನ್ನ ಎರಡು ಸೈಕಲ್‌ಗಳಲ್ಲಿ ಒಂದಕ್ಕೆ ಮಿನರಲ್ ಆಯಿಲ್ ತುಂಬುವ ಶಿಮಾನೊ ಬ್ರೇಕುಗಳಿವೆ, ಇನ್ನೊಂದಕ್ಕೆ ಡಾಟ್ ದ್ರವ (ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದ ಬ್ರೇಕ್ ದ್ರವ) ತುಂಬುವ ಸ್ರ್ಯಾಮ್ ಬ್ರೇಕುಗಳಿವೆ. ಎರಡನ್ನೂ ನಾನೇ ಬ್ಲೀಡ್ ಮಾಡುತ್ತ (ಹಳೆಯ ದ್ರವ ಮತ್ತು ಗಾಳಿಯ ಗುಳ್ಳೆಗಳನ್ನು ಹೊರತೆಗೆದು ಹೊಸ ದ್ರವ ತುಂಬುತ್ತ) ಬಂದಿರುವುದರಿಂದ ಒಂದು ಮಾತನ್ನು ಮೊದಲೇ ಹೇಳಬೇಕು: ಇವೆರಡರ ನಡುವಿನ ಆಯ್ಕೆಯನ್ನು ಬ್ರೇಕಿನೊಳಗಿನ ರಬ್ಬರ್ ಸೀಲುಗಳು ಆಗಲೇ ಮಾಡಿ ಮುಗಿಸಿರುತ್ತವೆ. ಡಾಟ್‌ಗೆಂದು ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರಿನ ಸೀಲು ಮಿನರಲ್ ಆಯಿಲ್ ತಾಗಿದರೆ ಉಬ್ಬಿ ಕೆಡುತ್ತದೆ. ಹೀಗಾಗಿ ಹೊಸ ಬ್ರೇಕು ಕೊಳ್ಳುವಾಗ ಮಾತ್ರ ಈ ಹೋಲಿಕೆಗೆ ಅರ್ಥವಿದೆ.

ವ್ಯತ್ಯಾಸದ ಮೂಲವಿರುವುದು ನೀರಿನಲ್ಲಿ. ಗ್ಲೈಕಾಲ್ ಈಥರ್ ಆಧಾರಿತ ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೂ, ತೇವ ಹೀರಿದ ದ್ರವಕ್ಕೆ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನು ಮಾತ್ರ. ಎರಡು ವರ್ಷ ದ್ರವ ಬದಲಿಸದ ನನ್ನ ಸೋಮಾರಿತನದ ಫಲವಾಗಿ, ಒಂದು ಉದ್ದನೆಯ ಇಳಿಜಾರಿನ ಕೊನೆಗೆ ದ್ರವ ಕುದಿದು ಆವಿಯ ಗುಳ್ಳೆಗಳೆದ್ದು, ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೇ ಬಂದು ತಾಗಿತು. ಅಂದಿನಿಂದ, ಹೊಸದಿದ್ದಾಗ ಕನಿಷ್ಠ 260, ತೇವ ಹೀರಿದಾಗ ಕನಿಷ್ಠ 180 ಡಿಗ್ರಿ ಕುದಿಬಿಂದು ಇರುವ ಡಾಟ್ 5.1 ಅನ್ನು ವರ್ಷಕ್ಕೊಮ್ಮೆ ಹಾಕುತ್ತಿದ್ದೇನೆ; ಅದೇ ಇಳಿಜಾರಿನಲ್ಲಿ ಲಿವರ್ ಮತ್ತೆ ಸಡಿಲಗೊಂಡಿಲ್ಲ. ಹೆಸರಿನಲ್ಲಿ ಹತ್ತಿರವಿರುವ ಡಾಟ್ 5 ಸಿಲಿಕೋನ್ ದ್ರವವಾದ್ದರಿಂದ ಇದರೊಂದಿಗೆ ಬೆರೆಸಲೇಬಾರದು. ಹೆಸರಿಟ್ಟವರು ಇನ್ನಷ್ಟು ಯೋಚಿಸಬಹುದಿತ್ತು.

ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲ ಎಂಬುದನ್ನು ದೊಡ್ಡ ಗುಣವಾಗಿ ಹೇಳುತ್ತಾರೆ. ಆದರೆ ಸೀಲಿನ ಸಂದಿಯಿಂದ ಒಳಹೊಕ್ಕ ನೀರು ಎಣ್ಣೆಯೊಡನೆ ಬೆರೆಯದೆ, ಹೆಚ್ಚು ಭಾರವಾದ್ದರಿಂದ ಕೆಳಗಿಳಿದು, ಅತಿ ಹೆಚ್ಚು ಬಿಸಿಯಾಗುವ ಕ್ಯಾಲಿಪರ್‌ನಲ್ಲೇ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ನಿಲ್ಲಬಹುದು. ಅಲ್ಲಿ ಅದು ಕುದಿಯಲು ಸುಮಾರು 100 ಡಿಗ್ರಿ ಸಾಕು. ಇದಲ್ಲದೆ, ಡಾಟ್‌ಗೆ ಇರುವಂತಹ ಸಾಮಾನ್ಯ ಮಾನದಂಡ ಇದಕ್ಕಿಲ್ಲದ ಕಾರಣ, ಬ್ರೇಕಿನ ತಯಾರಕರು ಹೇಳಿದ ಎಣ್ಣೆಯನ್ನೇ ಬಳಸುವುದು ಕ್ಷೇಮ.

ಹಾಗಿದ್ದರೂ ದಿನಬಳಕೆಗೆ ನನ್ನ ಒಲವು ಮಿನರಲ್ ಆಯಿಲ್ ಕಡೆಗೇ ಇದೆ. ಎರಡು ವರ್ಷ ಹಾಗೇ ಬಿಟ್ಟಾಗ ಎಣ್ಣೆ ಕಪ್ಪಾಗಿತ್ತೇ ಹೊರತು ಲಿವರಿನ ಬಿಗಿ ಕುಗ್ಗಿರಲಿಲ್ಲ. ಬಾಟಲಿ ತೆರೆದ ಮೇಲೆ ಉಳಿದ ಡಾಟ್ ತೇವ ಹೀರಿ ಹಾಳಾಗುತ್ತದೆ, ಚೆಲ್ಲಿದರೆ ಫ್ರೇಮಿನ ಬಣ್ಣವನ್ನೇ ತಿನ್ನುತ್ತದೆ; ಎಣ್ಣೆಯಾದರೆ ಒರೆಸಿದರೆ ಮುಗಿಯಿತು. ಬ್ರೇಕ್ ಪ್ಯಾಡಿನ ಮೇಲೆ ಬಿದ್ದರೆ ಮಾತ್ರ ಎರಡೂ ಒಂದೇ: ಆ ಪ್ಯಾಡನ್ನು ಬಿಸಾಡಬೇಕಾಗುತ್ತದೆ.