ಮೊದಲು ಮಂಚ ಅಳೆಯಿರಿ, ಆಮೇಲೆ ಬೆಡ್‌ಸೈಡ್ ಕ್ರಿಬ್ ಕೊಳ್ಳಿ

ಮಗುವಿಗೆ ಬೆಡ್‌ಸೈಡ್ ಕ್ರಿಬ್, ಅಂದರೆ ದೊಡ್ಡವರ ಮಂಚದ ಪಕ್ಕಕ್ಕೆ ತಾಗಿಸಿ ಇಡುವ ಪುಟ್ಟ ಮಂಚ, ಕೊಳ್ಳಬೇಕು ಅಂತಿದ್ದೀರಾ? ಹಾಗಿದ್ದರೆ ಮೊದಲು ಅಳತೆ ಟೇಪ್ ಹಿಡಿದು ನಿಮ್ಮ ಮಂಚದ ಹತ್ತಿರ ಹೋಗಿ. ನೆಲದಿಂದ ಹಾಸಿಗೆಯ ಮೇಲ್ಭಾಗಕ್ಕೆ ಎಷ್ಟು ಎತ್ತರ ಅಂತ ಬರೆದುಕೊಳ್ಳಿ. ಮಂಚದ ಅಡಿಯಲ್ಲಿ ಖಾಲಿ ಜಾಗ ಉಂಟಾ ಅಂತ ಬಗ್ಗಿ ನೋಡಿ. ಬಣ್ಣ, ಚಕ್ರ, ತೂಗುವ ಆಟಿಕೆ ಎಲ್ಲ ಆಮೇಲಿನ ಮಾತು. ಒಂದೇ ಕ್ರಿಬ್ಬನ್ನು ಎರಡು ಮನೆಗಳಲ್ಲಿ, ಎರಡು ಬೇರೆ ಬೇರೆ ಮಂಚಗಳ ಪಕ್ಕ ಬಳಸಿದ ಮೇಲೆ ನನಗೆ ಖಚಿತವಾದದ್ದು ಇದು. ಕ್ರಿಬ್ ಎಷ್ಟೇ ಒಳ್ಳೆಯದಿರಲಿ, ಅದು ನಮ್ಮ ಮಂಚಕ್ಕೆ ಹೊಂದಿಕೊಂಡರೆ ಮಾತ್ರ ಸುರಕ್ಷಿತ.

ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ, ಬಾಡಿಗೆ ಫ್ಲ್ಯಾಟ್. ತವರು ಬ್ರಹ್ಮಾವರದ ಹತ್ತಿರ. ಬಾಣಂತನ ತವರಿನಲ್ಲಿ, ಆಮೇಲೆ ಇಲ್ಲಿ. ನಡುನಡುವೆ ಹೋಗಿ ಬರುವುದು ಇದ್ದೇ ಇತ್ತು. ಅದಕ್ಕೇ ಮಡಚಿ ಕಾರಿನ ಡಿಕ್ಕಿಯಲ್ಲಿ ಇಡುವಂಥದ್ದು ಬೇಕು ಅಂತ ಹುಡುಕಿದೆವು. ಕೊನೆಗೆ ತರಿಸಿದ್ದು ಅಲ್ಯೂಮಿನಿಯಂ ಕಾಲಿನ, ನಾಲ್ಕೂ ಕಡೆ ಬಲೆ ಇರುವ, ಒಂದು ಬದಿ ಜಿಪ್ ತೆಗೆದು ಇಳಿಸಬಹುದಾದ ಮಾದರಿ. ಬೆಲೆ ಸುಮಾರು ಎಂಟು ಸಾವಿರ ರೂಪಾಯಿ ಬಿತ್ತು. ಹೆಚ್ಚುಕಡಿಮೆ ಇದೇ ಚೌಕಟ್ಟು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಮಾರಾಟಕ್ಕಿದೆ. ಹಾಗಾಗಿ ಹೆಸರಿಗಿಂತ ಚೌಕಟ್ಟಿನ ಬಗ್ಗೆಯೇ ಬರೆಯುತ್ತೇನೆ.

ಇದರ ಅಗತ್ಯ ಏನು ಅಂತ ಕೇಳುವವರು ಮನೆಯಲ್ಲೇ ಇರುತ್ತಾರೆ. ನಮ್ಮಲ್ಲೂ ಇದ್ದರು. ಮಗು ತಾಯಿಯ ಮಗ್ಗುಲಲ್ಲಿ ಮಲಗುವುದು ನಮ್ಮ ಕಡೆ ಎಲ್ಲ ಮನೆಯ ರೂಢಿ. ಆದರೆ ದೊಡ್ಡವರ ಹಾಸಿಗೆ ಮೆತ್ತಗಿರುತ್ತದೆ. ಅದರಲ್ಲಿ ದಿಂಬು, ಹೊದಿಕೆ ಎಲ್ಲ ಇರುತ್ತವೆ. ಸುಸ್ತಾದ ತಾಯಿಗೆ ಯಾವಾಗ ಜೋಂಪು ಹತ್ತುತ್ತದೆ ಅಂತ ಗೊತ್ತಾಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲಿ ಹೇಳುವುದೂ ಅದನ್ನೇ: ಕನಿಷ್ಠ ಆರು ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲೇ ಮಲಗಲಿ, ಆದರೆ ಅದರದ್ದೇ ಬೇರೆ ಹಾಸಿಗೆಯಲ್ಲಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಮಗು ಬೆನ್ನ ಮೇಲೆ ಮಲಗಲಿ. ಬೆಡ್‌ಸೈಡ್ ಕ್ರಿಬ್ ಇದಕ್ಕೆ ಸರಿಯಾಗಿ ಹೊಂದುತ್ತದೆ. ಮಗು ಕೈಗೆ ಸಿಗುವಷ್ಟು ಹತ್ತಿರ, ಆದರೆ ನಮ್ಮ ಹಾಸಿಗೆಯಲ್ಲಿ ಅಲ್ಲ.

ನನಗೆ ಸಿಸೇರಿಯನ್ ಆಗಿತ್ತು. ಹೊಲಿಗೆ ಇರುವಾಗ ರಾತ್ರಿ ಎದ್ದು ಕೂರುವುದೇ ದೊಡ್ಡ ಕೆಲಸ. ಕ್ರಿಬ್ಬಿನ ಬದಿ ಇಳಿಸಿದ್ದರೆ ಹಾಸಿಗೆಯಿಂದ ಇಳಿಯದೆ, ಮೆಲ್ಲ ಒಂದು ಮಗ್ಗುಲಿಗೆ ತಿರುಗಿ, ಎದ್ದು ಕೂತು, ಕೈ ಚಾಚಿ ಮಗುವನ್ನು ಎತ್ತಿಕೊಳ್ಳಬಹುದಿತ್ತು. ಹಾಲು ಕುಡಿಸಿ, ತೇಗು ಬರಿಸಿ, ಮತ್ತೆ ಅಲ್ಲೇ ಮಲಗಿಸಬಹುದಿತ್ತು. ಮಗು ನಿದ್ದೆಯಲ್ಲಿ ಸಣ್ಣಗೆ ಕೊಸರಾಡಿದರೆ ಎದೆಯ ಮೇಲೆ ಕೈ ಇಟ್ಟರೆ ಸಾಕು, ಸುಮ್ಮನಾಗುತ್ತಿತ್ತು. ಬಾಣಂತಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಅನುಭವಿಸಿದವರಿಗೇ ಗೊತ್ತು. ಕೊಟ್ಟ ದುಡ್ಡು ಈ ಒಂದು ಕಾರಣಕ್ಕೇ ಸಾರ್ಥಕ ಅಂತ ನನಗೆ ಅನಿಸಿದೆ.

ಈಗ ಮಂಚದ ವಿಷಯಕ್ಕೆ ಬರುತ್ತೇನೆ. ಬದಿ ಇಳಿಸಿ ಬಳಸುವಾಗ ಕ್ರಿಬ್ಬಿನ ಕಾಲು ನಮ್ಮ ಮಂಚದ ಅಡಿಗೆ ಹೋಗಬೇಕು. ಜೊತೆಗೆ ಬರುವ ಬೆಲ್ಟನ್ನು ಹಾಸಿಗೆಯ ಅಡಿಯಿಂದ ಆಚೆ ಬದಿಗೆ ತಂದು ಮಂಚದ ಚೌಕಟ್ಟಿಗೆ ಸುತ್ತಿ ಬಿಗಿಯಬೇಕು. ಹಾಗೆ ಬಿಗಿದಾಗ ಕ್ರಿಬ್ಬಿಗೂ ಹಾಸಿಗೆಗೂ ನಡುವೆ ಸಂದಿ ಇರಲೇಬಾರದು. ಸ್ವಲ್ಪ ಸಂದಿ ಇದ್ದರೆ ಏನಾಯಿತು ಅಂತ ಕೇಳಬೇಡಿ. ಸಣ್ಣ ಮಗುವಿಗೆ ಕುತ್ತಿಗೆಯಲ್ಲಿ ಬಲ ಇರುವುದಿಲ್ಲ. ಸಂದಿಯಲ್ಲಿ ಮುಖ ಸಿಕ್ಕಿಕೊಂಡರೆ ತಾನಾಗಿ ತಲೆ ತಿರುಗಿಸಿ ಉಸಿರಾಡಲು ಅದಕ್ಕೆ ಆಗುವುದಿಲ್ಲ. ಅಳಲೂ ಆಗದೆ ಇರಬಹುದು.

ಬಿಜೈಯ ಫ್ಲ್ಯಾಟ್‌ನಲ್ಲಿ ಇರುವುದು ಅಡಿಯಲ್ಲಿ ಡ್ರಾಯರ್ ಇರುವ ಬಾಕ್ಸ್ ಮಂಚ. ನೆಲದವರೆಗೆ ಪ್ಲೈವುಡ್. ಕ್ರಿಬ್ಬಿನ ಕಾಲು ಒಳಗೆ ಹೋಗುವ ಮಾತೇ ಇಲ್ಲ. ಕಾಲು ಪ್ಲೈವುಡ್‌ಗೆ ತಾಗಿ ನಿಂತಾಗ ಮಧ್ಯೆ ಅಂಗೈ ಅಡ್ಡ ಇಡುವಷ್ಟು ಸಂದಿ. ಈಗ ಮಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಇಂಥ ಮಂಚವೇ ಜಾಸ್ತಿ, ಅಲ್ವಾ? ನೋಡಲು ಬಂದ ಒಬ್ಬರು "ಆ ಸಂದಿಗೆ ಒಂದು ಬೆಡ್‌ಶೀಟ್ ಸುತ್ತಿ ತುರುಕಿದರೆ ಆಯ್ತು" ಅಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ, ಆದರೆ ಅದು ಇನ್ನೂ ಅಪಾಯ. ತುರುಕಿದ ಬಟ್ಟೆ ರಾತ್ರಿ ಸಡಿಲವಾಗುತ್ತದೆ. ಸಂದಿಯೂ ಉಳಿಯುತ್ತದೆ, ಮೇಲಿಂದ ಮುಖಕ್ಕೆ ತಾಗುವ ಮೆತ್ತನೆಯ ವಸ್ತುವೂ ಸೇರುತ್ತದೆ. ನಾವು ಬಿಜೈಯಲ್ಲಿ ಕ್ರಿಬ್ಬಿನ ಬದಿಯನ್ನು ಪೂರ್ತಿ ಏರಿಸಿ, ಜಿಪ್ ಹಾಕಿ, ಮಂಚದಿಂದ ಒಂದಡಿ ದೂರದಲ್ಲಿ ಬೇರೆಯೇ ನಿಲ್ಲಿಸಿದೆವು. ಏಳಬೇಕಾಗುತ್ತಿತ್ತು ನಿಜ. ಆದರೆ ಅಷ್ಟರಲ್ಲಿ ನನ್ನ ಹೊಲಿಗೆ ವಾಸಿಯಾಗಿತ್ತು, ನಿದ್ದೆಗೆ ನೆಮ್ಮದಿಯೂ ಇತ್ತು. ಬಾಕ್ಸ್ ಮಂಚ ಇರುವವರು ಬದಿ ಇಳಿಸುವ ಸೌಲಭ್ಯಕ್ಕೆ ಅಂತ ಹೆಚ್ಚು ದುಡ್ಡು ಕೊಡಬೇಡಿ. ನಾಲ್ಕೂ ಬದಿ ಗಟ್ಟಿ ಇರುವ ಸಾದಾ ಕ್ರಿಬ್ ಸಾಕು.

ತವರಿನಲ್ಲಿ ಅಜ್ಜನ ಕಾಲದ ಸಾಗುವಾನಿ ಮಂಚ. ಅಡಿಯಲ್ಲಿ ಧಾರಾಳ ಜಾಗ. ಕಾಲು ಸರಾಗ ಒಳಗೆ ಹೋಯಿತು, ಬೆಲ್ಟೂ ಚೆನ್ನಾಗಿ ಕೂತಿತು. ಅಲ್ಲಿ ತೊಂದರೆ ಕೊಟ್ಟದ್ದು ಹತ್ತಿಯ ಹಾಸಿಗೆ. ನಾನು ಅಂಚಿನಲ್ಲಿ ಕೂತು ಹಾಲು ಕುಡಿಸುವಾಗ ಹಾಸಿಗೆ ಒಂದೆರಡು ಇಂಚು ತಗ್ಗುತ್ತಿತ್ತು. ಆಗ ಕ್ರಿಬ್ಬಿನ ಇಳಿಸಿದ ಬದಿಯ ಪಟ್ಟಿ ಹಾಸಿಗೆಗಿಂತ ಮೇಲೆ ಎದ್ದು ನಿಲ್ಲುತ್ತಿತ್ತು, ಬೆಲ್ಟೂ ಸಡಿಲವಾಗುತ್ತಿತ್ತು. ಯುರೋಪಿನ ಇಎನ್ 1130 ಮಾನದಂಡದಲ್ಲಿ ಇದರ ಬಗ್ಗೆ ಸ್ಪಷ್ಟ ಎಚ್ಚರಿಕೆ ಇದೆ. ನಮ್ಮ ಕಡೆಯ ಬದಿಯ ಮೇಲ್ಪಟ್ಟಿ ದೊಡ್ಡವರ ಹಾಸಿಗೆಗಿಂತ ಎತ್ತರದಲ್ಲಿ ಇರಬಾರದು, ಇದ್ದರೆ ಮಗುವಿನ ಕುತ್ತಿಗೆ ಅದರ ಮೇಲೆ ಸಿಕ್ಕಿಕೊಳ್ಳುವ ಅಪಾಯ ಉಂಟು. ಅಪ್ಪ ಮರುದಿನವೇ ಹತ್ತಿಯ ಹಾಸಿಗೆ ತೆಗೆಸಿ, ಒಳಕೋಣೆಯಲ್ಲಿದ್ದ ತೆಂಗಿನ ನಾರಿನ ಹಾಸಿಗೆ ತಂದು ಹಾಕಿಸಿದರು. ಅದು ಕೂತರೂ ತಗ್ಗುವುದಿಲ್ಲ. ಕ್ರಿಬ್ಬಿನ ಎತ್ತರವನ್ನು ಒಂದು ಹಂತ ಬದಲಿಸಿ ಮಟ್ಟ ಸರಿಮಾಡಿದೆವು.

ಆಮೇಲೆ ಅದೇ ಒಂದು ಅಭ್ಯಾಸವಾಯಿತು. ದೀಪ ಆರಿಸುವ ಮೊದಲು ನಾನು ಹಾಸಿಗೆಯ ಅಂಚಿನಲ್ಲಿ ಪೂರ್ತಿ ಭಾರ ಹಾಕಿ ಕೂರುತ್ತಿದ್ದೆ. ಅಮ್ಮ ಆಚೆ ಬದಿಯಲ್ಲಿ ಬೆಲ್ಟಿನ ತುದಿ ಎಳೆದು ಬಿಗಿಯುತ್ತಿದ್ದರು. ನಾನು ಕ್ರಿಬ್ಬಿಗೂ ಹಾಸಿಗೆಗೂ ನಡುವೆ ಬೆರಳು ತೂರಿಸಿ ನೋಡುತ್ತಿದ್ದೆ. ಬೆರಳು ಹೋಗದಿದ್ದರೆ ಮಾತ್ರ ಬದಿ ಇಳಿಸುವುದು. ಹೋದರೆ ಆ ರಾತ್ರಿ ಬದಿ ಏರಿಸಿಯೇ ಮಲಗುವುದು. ಭಾರ ಹಾಕದೆ ಬೆಲ್ಟ್ ಬಿಗಿದರೆ ಏನೂ ಪ್ರಯೋಜನ ಇಲ್ಲ ಅಂತ ಯಾವ ಕೈಪಿಡಿಯಲ್ಲೂ ನಾನು ಓದಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ.

ಕ್ರಿಬ್ಬಿನ ಜೊತೆ ಬರುವ ಹಾಸಿಗೆ ತೆಳು, ಗಟ್ಟಿ. ಅತ್ತೆ ಮೊದಲ ಸಲ ಮುಟ್ಟಿ ನೋಡಿ, "ಇದೆಂತ ಮಾರಾಯ್ತಿ, ಹಲಗೆಯ ಹಾಗೆ ಉಂಟಲ್ಲ, ಮಗುವಿಗೆ ನೋಯುವುದಿಲ್ವಾ?" ಅಂತ ಕೇಳಿದರು. ನೋಯುವುದಿಲ್ಲ. ಅದು ಹಾಗೇ ಇರಬೇಕು. ಅಂಗೈಯಿಂದ ಒತ್ತಿ ಬಿಟ್ಟರೆ ಗುಂಡಿ ಉಳಿಯಬಾರದು. ಅದರ ಮೇಲೆ ಇನ್ನೊಂದು ಮೆತ್ತನೆಯ ಹಾಸಿಗೆ ಹಾಕಿದರೆ ಎರಡು ತೊಂದರೆ. ಒಂದು, ಮಗುವಿನ ಮುಖ ಅದರಲ್ಲಿ ಹುದುಗುತ್ತದೆ. ಇನ್ನೊಂದು, ಹಾಸಿಗೆ ಎತ್ತರವಾಗಿ ಬದಿಯ ಬಲೆ ಗಿಡ್ಡವಾಗುತ್ತದೆ. ಸಾಸಿವೆ ದಿಂಬು, ರಾಗಿ ದಿಂಬು ವಿಷಯದಲ್ಲೂ ನಾನು ಪಟ್ಟು ಬಿಡಲಿಲ್ಲ. ತಲೆ ದುಂಡಗಾಗಲಿ ಅಂತ ಪ್ರೀತಿಯಿಂದ ಹೊಲಿದು ಕೊಡುತ್ತಾರೆ. ಆದರೆ ಮಲಗುವ ಜಾಗದಲ್ಲಿ ದಿಂಬೇ ಬೇಡ ಅಂತ ವೈದ್ಯರು ಹೇಳಿದರು. ತಲೆ ಚಪ್ಪಟೆಯಾಗದಿರಲು ಮಗು ಎಚ್ಚರ ಇರುವಾಗ, ನಾವು ಎದುರಿಗೇ ಕೂತು, ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಮಲಗಿಸಿ ಆಡಿಸಬಹುದು. ಅತ್ತೆಗೆ ವೈದ್ಯರ ಬಾಯಿಂದಲೇ ಕೇಳಿಸಿದ ಮೇಲೆ ಅವರೇ ದಿಂಬು ತೆಗೆದಿಟ್ಟರು. ಆಮೇಲೆ ಬಂದವರಿಗೆಲ್ಲ ಅವರೇ ವಿವರಿಸುತ್ತಿದ್ದರು.

ಒಂದು ಕಡೆ ತಲೆ ಎತ್ತರ ಮಾಡುವ ಸೌಲಭ್ಯ ನಮ್ಮ ಕ್ರಿಬ್ಬಿನಲ್ಲೂ ಇದೆ. ಹಾಲು ಕಕ್ಕುವ ಮಕ್ಕಳಿಗೆ ಒಳ್ಳೆಯದು ಅಂತ ಜಾಹೀರಾತು. ಅದನ್ನು ಬಳಸಬೇಡಿ. ಇಳಿಜಾರಿನಲ್ಲಿ ಮಗು ಕೆಳಗೆ ಜಾರುತ್ತದೆ, ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚುತ್ತದೆ. ಅಮೆರಿಕದಲ್ಲಿ ಫಿಶರ್-ಪ್ರೈಸ್ ಕಂಪನಿ ಇಳಿಜಾರಿನ ರಾಕ್ ಎನ್ ಪ್ಲೇ ತೊಟ್ಟಿಲುಗಳನ್ನು 2019ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಸುಮಾರು 47 ಲಕ್ಷ ತೊಟ್ಟಿಲುಗಳು. ಶಿಶುಗಳ ಸಾವು ವರದಿಯಾದ ಮೇಲೆ ಆದದ್ದು ಅದು. 2022ರಲ್ಲಿ ಅಲ್ಲಿ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿನ ಶಿಶು ಹಾಸಿಗೆಗಳನ್ನೇ ಕಾನೂನು ನಿಷೇಧಿಸಿತು. ಬದಿಗೆ ಕಟ್ಟುವ ಮೆತ್ತನೆಯ ಬಂಪರ್‌ಗಳಿಗೂ ಅದೇ ಕಾನೂನಿನಲ್ಲಿ ನಿಷೇಧ ಬಿತ್ತು. ಇಲ್ಲಿನ ಅಂಗಡಿಗಳಲ್ಲಿ ಅವು ಈಗಲೂ ಸೆಟ್ಟಿನ ಜೊತೆ ಬರುತ್ತವೆ. ಸೀರೆ ಜೋಲಿಯಲ್ಲೂ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ಬರುತ್ತದೆ. ನಮ್ಮ ಮನೆಯಲ್ಲಿ ನಾಮಕರಣದ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ ಚೆನ್ನಾಗಿಯೇ ಆಯಿತು. ರಾತ್ರಿಯ ನಿದ್ದೆ ಮಾತ್ರ ಕ್ರಿಬ್ಬಿನಲ್ಲಿ.

ಸೊಳ್ಳೆಯ ವಿಷಯ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲೇರಿಯಾ, ಡೆಂಗ್ಯೂ ಎರಡರ ಭಯವೂ ಇಲ್ಲಿ ಉಂಟು. ಕಾಯಿಲ್ ಹೊಗೆ ಮಗುವಿನ ಕೋಣೆಗೆ ಬೇಡ. ಆದರೆ ಈ ಕ್ರಿಬ್ಬಿಗೆ ಸೊಳ್ಳೆಪರದೆ ಬರುವುದಿಲ್ಲ, ಮಂಚದ ಪರದೆ ಅದನ್ನು ಮುಚ್ಚುವುದೂ ಇಲ್ಲ. ತವರಿನಲ್ಲಿ ಮಾಡಿನ ಪಕಾಸಿಗೆ ಹಗ್ಗ ಕಟ್ಟಿ, ಮಂಚ, ಕ್ರಿಬ್ ಎರಡನ್ನೂ ಸೇರಿಸಿ ಮುಚ್ಚುವ ದೊಡ್ಡ ಪರದೆ ಹಾಕಿದೆವು. ಅದು ತುಂಬಾ ಅನುಕೂಲವಾಯಿತು. ಬಿಜೈಯಲ್ಲಿ ಕಿಟಕಿಗಳಿಗೆ ಬಲೆ ಹಾಕಿಸಿ, ಕ್ರಿಬ್ಬಿನ ಮೇಲೆ ಬೇರೆ ಪರದೆ ತೂಗಿಸಿದೆವು. ಪರದೆ ಎಲ್ಲೂ ಜೋಲು ಬೀಳಬಾರದು. ಅದರ ಅಂಚು ಕ್ರಿಬ್ಬಿನ ಹೊರಗೇ ಇರಬೇಕು. ಮಗುವಿನ ಕೈಗೆ ಎಟುಕಬಾರದು.

ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜುಲೈಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ಹಾಸಿಗೆಯ ಹೊದಿಕೆ ಬಿಚ್ಚಿ ತೊಳೆಯಲು ಬರುತ್ತದೆ, ಅದು ಒಳ್ಳೆಯದು. ಆದರೆ ಒಂದೇ ಹೊದಿಕೆ ಕೊಟ್ಟಿದ್ದಾರೆ. ಅದೇ ಅಳತೆಯ, ಬಿಗಿಯಾಗಿ ಕೂರುವ ಇನ್ನೆರಡನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಸಡಿಲ ಬೆಡ್‌ಶೀಟ್ ಆಗುವುದಿಲ್ಲ. ಹಾಸಿಗೆಯ ಅಡಿಭಾಗ ನೋಡುತ್ತಲೇ ಇರಬೇಕು. ನಮ್ಮದರಲ್ಲಿ ಒಂದು ಮೂಲೆಗೆ ಬೂಷ್ಟು ಹಿಡಿಯಲು ಶುರುವಾಗಿತ್ತು. ಆಮೇಲೆ ದಿನವೂ ಬೆಳಿಗ್ಗೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ಫ್ಯಾನ್ ಹಾಕಿದ ಮೇಲೆ ಮುಂದುವರಿಯಲಿಲ್ಲ. ಅಲ್ಯೂಮಿನಿಯಂ ಕಾಲಿಗೆ ಏನೂ ಆಗಿಲ್ಲ. ಸ್ಕ್ರೂಗಳಿಗೆ ತುಕ್ಕು ಬಂದಿದೆ. ಬಲೆಯ ಬದಿಗಳಿಂದ ಮಾತ್ರ ಏಪ್ರಿಲ್, ಮೇ ಸೆಕೆಯಲ್ಲಿ ಬಹಳ ಉಪಕಾರ. ಗಾಳಿ ಆಡುತ್ತದೆ, ಮಗುವಿನ ಬೆನ್ನು ಬೆವರುವುದು ಕಡಿಮೆ. ಮಲಗಿದ್ದಲ್ಲಿಂದಲೇ ಅದರ ಮುಖವೂ ಕಾಣುತ್ತದೆ.

ಸಾಗಿಸುವುದು ಸುಲಭ. ಒಬ್ಬರೇ ಹೊರಬಹುದು, ಡಿಕ್ಕಿಯಲ್ಲಿ ಹಿಡಿಯುತ್ತದೆ. ಜೋಡಿಸುವಾಗ ಪ್ರತಿ ಕಾಲೂ 'ಟಕ್' ಅಂತ ಕೂತಿತಾ ಅಂತ ಕಿವಿಗೊಟ್ಟು ಕೇಳಿ, ಆಮೇಲೆ ಅಲ್ಲಾಡಿಸಿ ನೋಡಿ. ಚಕ್ರಕ್ಕೆ ಬ್ರೇಕ್ ಹಾಕಿ. ಇಷ್ಟೇ.

ಇದು ಎಷ್ಟು ಕಾಲ ಬರುತ್ತದೆ ಅಂತ ಕೊಳ್ಳುವ ಮೊದಲೇ ಯೋಚಿಸಿ. ನಮ್ಮದರ ಮೇಲೆ 9 ಕಿಲೋ ಅಂತ ಬರೆದಿದೆ. ಆದರೆ ತೂಕಕ್ಕಿಂತ ಮೊದಲು ಮಗುವಿನ ಚಟುವಟಿಕೆ ನೋಡಬೇಕು. ಕೈ ಊರಿ ಎದ್ದು ಮಂಡಿಯ ಮೇಲೆ ನಿಲ್ಲಲು, ಕೂರಲು, ಏನನ್ನಾದರೂ ಹಿಡಿದು ಏಳಲು ಶುರು ಮಾಡಿದರೆ ಆ ದಿನಕ್ಕೇ ನಿಲ್ಲಿಸಬೇಕು. ನಮ್ಮ ಮಗಳು ಐದು ತಿಂಗಳು ದಾಟುತ್ತಿದ್ದಂತೆ ಕೈ ಊರಿ ಏಳತೊಡಗಿದಳು. ತೂಕ ಇನ್ನೂ ಏಳು ಕಿಲೋ ಮುಟ್ಟಿರಲಿಲ್ಲ. ಆಗಲೇ ಬದಿ ಎತ್ತರ ಇರುವ ಮರದ ಕ್ರಿಬ್ಬಿಗೆ ಬದಲಿಸಿದೆವು. ಮರದ್ದು ಕೊಳ್ಳುವಾಗ ಕಂಬಿಗಳ ನಡುವಿನ ಜಾಗ 6 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಆಚಾರ್ರ ಹತ್ತಿರ ಮಾಡಿಸುವವರು ಈ ಅಳತೆಯನ್ನು ಬರೆದೇ ಕೊಡಿ.

ನನಗೆ ಬೇಸರ ತಂದದ್ದು ಬಿಡಿಭಾಗದ ವಿಷಯ. ಒಂದು ಬೆಲ್ಟಿನ ಬಕಲ್ ಒಡೆಯಿತು. ಮಾರಿದವರಿಗೆ ಫೋನ್ ಮಾಡಿದರೆ ಬೆಲ್ಟ್ ಬೇರೆಯಾಗಿ ಸಿಗುವುದಿಲ್ಲ ಅಂದರು. ಕ್ರಿಬ್ಬಿನಲ್ಲಿ ಅತಿ ಮುಖ್ಯವಾದದ್ದೇ ಆ ಬೆಲ್ಟ್. ಅದನ್ನು ಮಾರದೆ ಇರುವುದು ನನಗೆ ಸರಿ ಕಾಣಲಿಲ್ಲ. ಹೊಲಿಗೆಯವರ ಹತ್ತಿರ ಮಾಡಿಸಬಹುದು ಅಂತ ಕೆಲವರು ಹೇಳಿದರು. ಮಗುವಿನ ಜೀವ ನಿಂತಿರುವ ಬೆಲ್ಟಿಗೆ ಅಂದಾಜಿನ ಕೆಲಸ ಆಗುವುದಿಲ್ಲ. ನೀವು ಕೊಳ್ಳುವ ಮೊದಲೇ ಬೆಲ್ಟ್, ಬಕಲ್ ಬೇರೆಯಾಗಿ ಸಿಗುತ್ತದಾ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ.

ಈಗ ಕ್ರಿಬ್ ಸುರತ್ಕಲ್‌ನಲ್ಲಿರುವ ತಂಗಿಯ ಮನೆಯಲ್ಲಿದೆ. ಕೊಡುವ ಮೊದಲು ಬಲೆಯ ಹೊಲಿಗೆ, ಜಿಪ್, ಕಾಲಿನ ಬಟನ್ ಎಲ್ಲ ನೋಡಿ, ತುಕ್ಕು ಹಿಡಿದ ಸ್ಕ್ರೂ ಬದಲಿಸಿದೆ. ಕೈಪಿಡಿಯನ್ನೂ ಜೊತೆಗೇ ಕೊಟ್ಟೆ. ಅವಳದ್ದೂ ಬಾಕ್ಸ್ ಮಂಚವೇ. ಹಾಗಾಗಿ ಬದಿಯನ್ನು ಏರಿಸಿಯೇ ಬಳಸುತ್ತಿದ್ದಾಳೆ.