"ರೂಮಿನಿಂದಲೇ ಕರಡಿ ಕಾಣುತ್ತದೆ, ಗ್ಯಾರಂಟಿ" ಎನ್ನುವ ಲಾಡ್ಜಿಗೆ ದಯವಿಟ್ಟು ಹೋಗಬೇಡಿ

ರಜೆಯಲ್ಲಿ ಹಂಪಿ ಸುತ್ತಲಿನ ಆನೆಗೊಂದಿ, ಸಾಣಾಪುರ, ದರೋಜಿ ಕಡೆ ಹೋಗುವ ಯೋಚನೆ ಇದ್ದವರು ಇದನ್ನು ಓದಿ. ಅದರಲ್ಲೂ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಪೂರ್ತಿ ಓದಿ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಕರಡಿ ನೋಡಬಹುದು ಎಂದು ಯಾವುದಾದರೂ ಸಫಾರಿ ಲಾಡ್ಜ್ ಮಾತು ಕೊಟ್ಟರೆ, ಆ ಕರಡಿ ಅಲ್ಲಿಗೆ ಯಾಕೆ ಬರುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಜಾಗ ನೋಡಿಕೊಳ್ಳಿ.

ನಾವು ಬಳ್ಳಾರಿಯವರು. ಕುರುಗೋಡು, ಕಂಪ್ಲಿ ದಾಟಿ ಗಂಗಾವತಿ ಕಡೆಯ ಗುಡ್ಡಗಳ ನಡುವೆ ಇರುವ ಒಂದು ಲಾಡ್ಜಿಗೆ ಹೋಗಿದ್ದೆವು. ಮನೆಯವರು, ಮಕ್ಕಳು, ಜೊತೆಗೆ ಅತ್ತೆ ಮಾವ. ಲಾಡ್ಜಿನ ಮೇಲೆ ದೂರು ಕೊಟ್ಟಿದ್ದೇವೆ, ಅದು ಇನ್ನೂ ವಿಚಾರಣೆಯಲ್ಲಿದೆ. ಹಾಗಾಗಿ ಹೆಸರು ಹಾಕುತ್ತಿಲ್ಲ. ಬುಕ್ ಮಾಡುವಾಗಲೇ "ಸಫಾರಿಗೆ ಅರಣ್ಯ ಇಲಾಖೆಯ ಪರವಾನಗಿ ಇದೆಯಾ?" ಎಂದು ವಾಟ್ಸಾಪಿನಲ್ಲಿ ಕೇಳಿದ್ದೆ. "ಎಲ್ಲಾ ಇದೆ ಸರ್, ಟೆನ್ಷನ್ ಬೇಡ" ಎಂದು ಬರೆದಿದ್ದರು.

ಮೊದಲ ಅನುಮಾನ ಬಂದದ್ದು ರಿಸೆಪ್ಷನ್ನಿನಲ್ಲೇ. ಅಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಇತ್ತು, ಅದರೊಳಗೆ ನಕ್ಷತ್ರ ಆಮೆಗಳು. ಒಂದಕ್ಕೆ ಚಿಪ್ಪಿನ ಮೇಲೆ ಯಾರೋ ಬಣ್ಣ ಬಳಿದಿದ್ದರು. ಬಂದ ಮಕ್ಕಳೆಲ್ಲಾ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಕ್ಷತ್ರ ಆಮೆ ನಮ್ಮ ಒಣ ಕುರುಚಲು ಕಾಡಿನ ಪ್ರಾಣಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದರೆ ಹುಲಿ, ಚಿರತೆಗೆ ಇರುವಷ್ಟೇ ರಕ್ಷಣೆ. ಆ ಪಟ್ಟಿಯ ಪ್ರಾಣಿಯನ್ನು ಹಿಡಿದರೆ 3 ವರ್ಷದಿಂದ 7 ವರ್ಷದವರೆಗೆ ಜೈಲು. ಮ್ಯಾನೇಜರನ್ನು ಕೇಳಿದರೆ "ಹೊಲದಾಗ ಸಿಕ್ಕಿದ್ವು, ಸುಮ್ನೆ ಮಕ್ಕಳಿಗೆ ಖುಷಿಗೆ" ಎಂದರು. ಆಗಲೇ ಹೊತ್ತು ಇಳಿಯುತ್ತಿತ್ತು, ದುಡ್ಡು ಪೂರ್ತಿ ಮುಂಗಡ ಕಟ್ಟಿಸಿಕೊಂಡಿದ್ದರು, ಬೇರೆ ರೂಮು ಸಿಗುವ ಸಾಧ್ಯತೆ ಇರಲಿಲ್ಲ.

ಸಂಜೆ ಆಗುತ್ತಿದ್ದಂತೆ ಅಡುಗೆಮನೆಯ ಹುಡುಗನೊಬ್ಬ ಎರಡು ಬಕೆಟ್ ಹೊತ್ತು ತಂದ. ಒಂದರಲ್ಲಿ ಕಪ್ಪಾದ ಬಾಳೆಹಣ್ಣು, ಬೆಲ್ಲದ ನೀರು. ಇನ್ನೊಂದರಲ್ಲಿ ಮಧ್ಯಾಹ್ನದ ಅನ್ನ, ಕೋಳಿ ಮೂಳೆ, ಕರಿದ ಎಣ್ಣೆ, ನಡುನಡುವೆ ಮೊಸರಿನ ಖಾಲಿ ಕವರ್. ನಮ್ಮ ಜಗಲಿಯಿಂದ ಕಲ್ಲೆಸೆತದ ದೂರದಲ್ಲಿ ಒಂದು ಚಪ್ಪಟೆ ಬಂಡೆ. ಅದರ ಮೇಲೆ ಎರಡನ್ನೂ ಸುರಿದ. ಬಂಡೆಗೆ ಎಣ್ಣೆ ಹತ್ತಿ ಕಪ್ಪಗೆ ಮಿರಿಮಿರಿ ಹೊಳೆಯುತ್ತಿತ್ತು. ಎಷ್ಟೋ ದಿನದಿಂದ ಹೀಗೇ ಸುರಿದಿದ್ದಾರೆ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ಫೋಕಸ್ ಲೈಟ್ ಹಾಕಿದರು.

ಮೊದಲು ಊರ ನಾಯಿಗಳು ಬಂದವು. ಅವನ್ನು ಓಡಿಸಿದ ಮೇಲೆ ಹಂದಿಗಳು. ಕತ್ತಲಾದ ಮೇಲೆ ಕರಡಿ. ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿ. ಅಂಥ ನೋಟ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಆದರೆ ಅದು ಬಂದ ರೀತಿ ನೋಡಿ ಹೊಟ್ಟೆ ಉರಿಯಿತು. ಲೈಟಿಗೆ ಅಂಜಲಿಲ್ಲ, ಮಾತಿಗೆ ಅಂಜಲಿಲ್ಲ. ಒಂದು ಮರಿ ಇಳಿದು ಮೊಸರಿನ ಕವರನ್ನು ನೆಕ್ಕುತ್ತಾ ನೆಕ್ಕುತ್ತಾ ಅರ್ಧ ಬಾಯೊಳಗೆ ಎಳೆದುಕೊಂಡಿತು. ಜನ ಫ್ಲ್ಯಾಷ್ ಹೊಡೆಯುತ್ತಿದ್ದರು. ಪಕ್ಕದ ರೂಮಿನವರೊಬ್ಬರು ತಮ್ಮ ಪುಟ್ಟ ಮಗನನ್ನು ಜಗಲಿ ಮೆಟ್ಟಿಲ ಮೇಲೆ ನಿಲ್ಲಿಸಿ, ಹಿಂದೆ ಕರಡಿ ಬರುವ ಹಾಗೆ ಫೋಟೋ ತೆಗೆದರು. ಸಿಬ್ಬಂದಿ ತಡೆಯಲಿಲ್ಲ, "ಇನ್ನೊಂಚೂರು ಮುಂದೆ ನಿಲ್ಲಿ ಸರ್" ಎಂದು ಅವರೇ ಹೇಳುತ್ತಿದ್ದರು.

ಕರಡಿಯ ಸ್ವಭಾವ ಗೊತ್ತಿದ್ದವರು ಯಾರೂ ಹಾಗೆ ಹೇಳುವುದಿಲ್ಲ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಹುತ್ತ ಅಗೆಯುವ ಉದ್ದುದ್ದ ಉಗುರು. ಚಿರತೆ ಥರ ಸದ್ದಿಲ್ಲದೆ ಜಾರಿಕೊಳ್ಳುವ ಬುದ್ಧಿ ಅದರದ್ದಲ್ಲ. ಹತ್ತಿರದಲ್ಲಿ ಬೆಚ್ಚಿಬಿದ್ದರೆ ಮೇಲೇ ಬೀಳುತ್ತದೆ, ಅದರಲ್ಲೂ ಮುಖಕ್ಕೆ, ತಲೆಗೆ. ಮರಿ ಜೊತೆಗಿದ್ದರಂತೂ ಕೇಳುವುದೇ ಬೇಡ.

ಊಟ ಆದ ಮೇಲೆ "ನೈಟ್ ಸಫಾರಿ" ಎಂದರು. ಪ್ಯಾಕೇಜಿನಲ್ಲೇ ಸೇರಿಸಿದ್ದರು. ಕಾಡಿನೊಳಗೆ ಹೋಗುವುದಿಲ್ಲ, ಹೊಲದ ದಾರಿಯಲ್ಲಿ ಒಂದು ಸುತ್ತು ಅಷ್ಟೇ, ಅದಕ್ಕೆ ಅನುಮತಿ ಬೇಕಿಲ್ಲ ಎಂದರು. ನಾನು ಮಕ್ಕಳನ್ನು ಕಳಿಸಲಿಲ್ಲ. ಮಾವನವರಿಗೆ ಆಸೆ ಇತ್ತು, ಅವರ ಜೊತೆ ನಾನು ಹತ್ತಿದೆ. ಮೇಲೆ, ಬದಿಗೆ ಏನೂ ಇಲ್ಲದ ಹಳೇ ಜೀಪು. ಡ್ರೈವರ್ ಪಕ್ಕ ನಿಂತ ಹುಡುಗನ ಕೈಯಲ್ಲಿ ಸರ್ಚ್‌ಲೈಟು.

ಬಾಳೆ ತೋಟದ ಬದುವಿನ ಹತ್ತಿರ ಮತ್ತೆ ಅದೇ ತಾಯಿ ಕರಡಿ ಕಾಣಿಸಿತು. ಅದೇ ಎಂದು ಹೇಳಿದ್ದು ಡ್ರೈವರ್. ಒಂದು ಮರಿ ಬೆನ್ನ ಮೇಲಿತ್ತು, ಇನ್ನೊಂದು ದಾರಿಯ ಈಚೆ ಬದಿಯಲ್ಲಿತ್ತು. ಹುಡುಗ ಲೈಟನ್ನು ತಾಯಿಯ ಮುಖಕ್ಕೇ ಹಿಡಿದ. ಡ್ರೈವರ್ ಫೋಟೋ ಚೆನ್ನಾಗಿ ಬರಲಿ ಎಂದು ಜೀಪನ್ನು ಮುಂದೆ ಬಿಟ್ಟ. ಬಿಟ್ಟದ್ದು ತಾಯಿ ಮರಿಗಳ ಮಧ್ಯಕ್ಕೆ. ಬೇಡ, ಬೇಡ ಎಂದು ನಾವು ಕೂಗುವಷ್ಟರಲ್ಲಿ ಅದು ಗುರ್ ಎಂದು ಒಂದೇ ನೆಗೆತಕ್ಕೆ ಬಂದುಬಿಟ್ಟಿತು. ಡ್ರೈವರ್ ಗಾಬರಿಯಲ್ಲಿ ರಿವರ್ಸ್ ಹೊಡೆದು ಬಂಡೆಗೆ ಗುದ್ದಿದ. ಮಾವ ಸೀಟಿನಿಂದ ಎಗರಿ ಕಬ್ಬಿಣದ ರಾಡಿಗೆ ಬಡಿದುಕೊಂಡರು. ಕಾಲರ್ ಬೋನ್ ಮುರಿದಿತ್ತು. ಮರುದಿನ ನೋಡಿದರೆ ಅವರು ಕೂತಿದ್ದ ಸೀಟಿನ ಬದಿಯ ರೆಕ್ಸಿನ್ ಉದ್ದಕ್ಕೆ ಸೀಳಿತ್ತು, ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಆ ಉಗುರು ಒಂದು ಗೇಣು ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಮರಿ ಆಚೆ ದಾಟಿತು, ತಾಯಿ ಹಿಂದೆ ಸರಿಯಿತು. ನಾವು ಬದುಕಿದ್ದು ಅದರಿಂದ.

ಗದ್ದಲ ಕೇಳಿ ತೋಟದಿಂದ ಒಬ್ಬ ರೈತರು ಬ್ಯಾಟರಿ ಹಿಡಿದು ಬಂದರು. ಮೋಟಾರ್ ಚಾಲು ಮಾಡಲು ಬಂದಿದ್ದವರು. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು, ಅಲ್ವಾ? ಅವರೇ ಮಾವನನ್ನು ಹಿಡಿದು ಇಳಿಸಿದರು, ತಮ್ಮ ಟವೆಲ್ಲಿನಲ್ಲೇ ಕೈ ಕಟ್ಟಿದರು. ಆಮೇಲೆ ಡ್ರೈವರಿಗೆ ಸರಿಯಾಗಿ ಬೈದರು. "ನೀವು ಅಲ್ಲಿ ಬೆಲ್ಲ ಸುರೀತೀರಿ, ಅದು ತಿಂದು ನಮ್ಮ ತ್ವಾಟಕ್ಕ ಬರ್ತದ. ಮೊದಲು ಮನುಷ್ಯಾರ ಸಪ್ಪಳ ಕೇಳಿದ್ರ ಓಡಿ ಹೋಗ್ತಿತ್ತು. ಈಗ ನಿಂತು ನೋಡ್ತದ. ನಾಳೆ ನಮ್ಮನ್ಯಾಗ ಯಾರನ್ನರ ಹರಿದ್ರ ನೀವು ಬರ್ತೀರೇನು?" ಡ್ರೈವರ್ ತಲೆ ಎತ್ತಲಿಲ್ಲ.

ನನಗೆ ಆ ರಾತ್ರಿಯ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಈ ಮಾತು. ಲಾಡ್ಜಿಗೆ ಬಂದವರು ಎರಡು ದಿನ ಇದ್ದು ಹೋಗುತ್ತಾರೆ. ಬಂಡೆಯ ಮೇಲೆ ಬೆಲ್ಲ ತಿಂದು ಮನುಷ್ಯರ ಅಂಜಿಕೆ ಬಿಟ್ಟ ಕರಡಿ ಅಲ್ಲೇ ಇರುತ್ತದೆ. ಅದಕ್ಕೆ ಎದುರಾಗುವವರು ಮುಂಜಾನೆ ಬಯಲಿಗೆ ಹೋಗುವವರು, ಕುರಿ ಕಾಯುವವರು, ನೀರು ಕಟ್ಟುವವರು. ಎಸೆದ ಮೂಳೆಗೆ ನಾಯಿಗಳು ಜಾಸ್ತಿಯಾಗುತ್ತವೆ, ನಾಯಿಗಳ ಆಸೆಗೆ ಚಿರತೆಯೂ ಊರ ಹತ್ತಿರ ಬರುತ್ತದೆ. ಆನೆಗೊಂದಿ ಸುತ್ತಲಿನ ಗುಡ್ಡಗಳಲ್ಲಿ ಚಿರತೆ ಇದೆ ಎಂದು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಲಾಡ್ಜಿನವರು ಕೈ ತೊಳೆದುಕೊಂಡರು. ಆಸ್ಪತ್ರೆಗೆ ಗಾಡಿ ಕೊಡಲು "ಡ್ರೈವರ್ ಇಲ್ಲ" ಎಂದರು, ನಮ್ಮ ಕಾರಿನಲ್ಲೇ ಗಂಗಾವತಿಗೆ ಹೋದೆವು. ಬಿಲ್ಲಿನಲ್ಲಿ ಸಫಾರಿ ಎಂಬ ಪದವೇ ಇಲ್ಲ, "ನೇಚರ್ ವಾಕ್" ಎಂದಿದೆ. ದುಡ್ಡು ವಾಪಸ್ ಕೇಳಿದರೆ "ಪ್ರಾಣಿ ನಮ್ಮದಲ್ಲ ಸರ್, ಕಾಡಿನದ್ದು" ಎಂದರು.

ದೂರು ಕೊಡುತ್ತೇವೆ ಎಂದಾಗ ಮಾಲೀಕರು ಫೋನಿನಲ್ಲಿ ಒಂದು ವಾದ ಹೂಡಿದರು. ದರೋಜಿಯಲ್ಲಿ ಇಲಾಖೆಯವರೇ ಬಂಡೆಗೆ ಬೆಲ್ಲ ಹಚ್ಚುತ್ತಾರಲ್ಲ, ನಾವು ಮಾಡಿದರೆ ಮಾತ್ರ ತಪ್ಪಾ? ಈ ಮಾತನ್ನು ನೀವೂ ಕೇಳುತ್ತೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಅಲ್ಲಿ ಹಚ್ಚುವುದು ನಿಜ. ಆದರೆ ಅದು ಧಾಮದೊಳಗಿನ ಗುಡ್ಡ. ಜನ ದೂರದ ವೀಕ್ಷಣಾ ಗೋಪುರದಲ್ಲಿರುತ್ತಾರೆ, ಬೈನಾಕ್ಯುಲರ್ ಇಲ್ಲದಿದ್ದರೆ ಕರಡಿ ಕಪ್ಪು ಚುಕ್ಕಿ ಅಷ್ಟೇ. ಪ್ರವಾಸಿಗರಿಗೆ ಮಧ್ಯಾಹ್ನ 2ರಿಂದ ಸಂಜೆ 6ರವರೆಗೆ, ಆಮೇಲೆ ಗೇಟು ಬಂದ್. ನನ್ನ ಪ್ರಕಾರ ಅಲ್ಲಿ ಹಚ್ಚುವುದನ್ನೂ ಕಡಿಮೆ ಮಾಡಿ, ಕವಳೆ, ಬಾರೆ, ನೇರಳೆಯಂಥ ಹಣ್ಣಿನ ಗಿಡ ಹೆಚ್ಚಿಸುವುದೇ ಸರಿ. ಆದರೂ ಅದನ್ನೂ ಜಗಲಿ ಮುಂದೆ ಮುಸುರೆ ಸುರಿಯುವುದನ್ನೂ ಒಂದೇ ಎನ್ನುವುದು ಸುಳ್ಳು ವಾದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಕಾಡುಪ್ರಾಣಿಗೆ ಆಮಿಷ ಒಡ್ಡುವುದೂ ಅದರಲ್ಲಿ ಸೇರುತ್ತದೆ. ಪಟ್ಟಾ ಜಮೀನಿಗೆ ಬಂದ ಮಾತ್ರಕ್ಕೆ ಕರಡಿಯ ರಕ್ಷಣೆ ಹೋಗುವುದಿಲ್ಲ.

ಎಲ್ಲಾ ವಸತಿಗಳೂ ಹೀಗೇ ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಹಂಪಿ ಎದುರಿನ ನದಿ ನಡುಗಡ್ಡೆಯಾದ ವಿರುಪಾಪುರ ಗಡ್ಡೆಯಲ್ಲಿ ಅಕ್ರಮವಾಗಿ ಕಟ್ಟಿದ್ದ ರೆಸಾರ್ಟ್‌ಗಳನ್ನು ತೆರವು ಮಾಡಿದರು. ಈಗ ಸಾಣಾಪುರ, ಆನೆಗೊಂದಿ ಸುತ್ತ ಬೇಕಾದಷ್ಟು ಹೋಮ್‌ಸ್ಟೇಗಳಿವೆ. ಊರಿನವರೇ ನಡೆಸುವ, ಜೋಳದ ರೊಟ್ಟಿ ಹಾಕಿ ಮನೆಯವರಂತೆ ನೋಡಿಕೊಳ್ಳುವ ಜಾಗಗಳಿವೆ. ಅಂಥವರು ಕರಡಿ ತೋರಿಸುತ್ತೇವೆ ಎಂದು ಹೇಳುವುದೇ ಇಲ್ಲ. "ಕತ್ತಲಾದ ಮೇಲೆ ಹೊರಗೆ ಅಡ್ಡಾಡಬೇಡಿ" ಎನ್ನುತ್ತಾರೆ. ಆ ಮಾತು ಹೇಳುವವರನ್ನು ನಂಬಿ.

ಬುಕ್ ಮಾಡುವ ಮೊದಲು ಮುಸುರೆ ಎಲ್ಲಿ ಹಾಕುತ್ತೀರಿ ಎಂದು ಕೇಳಿ. ಸಫಾರಿ ಇದೆ ಎಂದರೆ ಯಾವ ಕಾಡು, ಯಾವ ಗೇಟು, ಯಾರು ಟಿಕೆಟ್ ಕೊಡುತ್ತಾರೆ ಎಂದು ಕೇಳಿ. ಅವರ ಪೇಜಿನ ಫೋಟೋಗಳನ್ನು ಸರಿಯಾಗಿ ನೋಡಿ. ರಾತ್ರಿ ಲೈಟಿನಲ್ಲಿ, ಒಂದೇ ಬಂಡೆಯ ಮೇಲೆ, ಪದೇ ಪದೇ ಕರಡಿ ಇದ್ದರೆ ಅಲ್ಲಿ ಏನೋ ಸುರಿಯುತ್ತಿದ್ದಾರೆ. ತೆಪ್ಪದಲ್ಲಿ ಕರೆದೊಯ್ದು ನೀರುನಾಯಿ ತೋರಿಸುತ್ತೇವೆ ಎನ್ನುವವರ ಬಗ್ಗೆಯೂ ಎಚ್ಚರ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಮರಿ ಇರುವ ಪೊದೆಗೆ ತೆಪ್ಪದ ಹುಟ್ಟುಗೋಲಿನಿಂದ ಬಡಿದು ಎಬ್ಬಿಸಿ ತೋರಿಸುವುದನ್ನು ಒಪ್ಪಬೇಡಿ.

ಅಲ್ಲಿಗೆ ಹೋದ ಮೇಲೆ ಇಂಥದ್ದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ದೂರದಿಂದಲೇ ವಿಡಿಯೋ ಮಾಡಿಕೊಳ್ಳಿ. ಬಕೆಟ್, ಬಂಡೆ, ಲೈಟು, ಜೀಪಿನ ನಂಬರ್ ಎಲ್ಲಾ ಕಾಣಬೇಕು. ಬಿಲ್, ವಾಟ್ಸಾಪ್ ಮಾತು ಅಳಿಸಬೇಡಿ. ನಮ್ಮ ದೂರಿಗೆ ಬಲ ಬಂದದ್ದೇ "ಎಲ್ಲಾ ಇದೆ ಸರ್" ಎಂದ ಆ ಒಂದು ಮೆಸೇಜಿನಿಂದ, ಆಮೆಯ ಟಬ್ಬಿನ ಫೋಟೋದಿಂದ. ಆಮೆಗಳನ್ನು ಇಲಾಖೆಯವರು ವಶಕ್ಕೆ ಪಡೆದಿದ್ದಾರೆ. ಬಂಡೆಯ ಮುಂದಿನ ಫೋಕಸ್ ಲೈಟು ಇನ್ನೂ ಇಳಿಸಿಲ್ಲ ಎಂದು ಆ ರೈತರು ಮೊನ್ನೆ ಫೋನ್ ಮಾಡಿ ಹೇಳಿದರು. ಅದಕ್ಕಾಗಿ ಬೇರೆ ದೂರು ಬರೆದು ಕೊಟ್ಟಿದ್ದೇವೆ, ಈ ಸಲ ಅವರ ಸಹಿಯೂ ಇದೆ.