ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆಯುವ ಗಂಟನ್ನು ಸ್ಕ್ಯಾನ್ ಇಲ್ಲದೆ ಕೊಯ್ಯಿಸಬೇಡಿ

ತೋಳಿನಲ್ಲಿ ಸಣ್ಣ ಗಂಟು ಕಾಣಿಸಿಕೊಂಡು, ಅದನ್ನು ಒತ್ತಿದಾಗ ಬೆರಳ ತುದಿಯವರೆಗೂ ಕರೆಂಟ್ ಹೊಡೆದಂತಾಗುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಮೊನ್ನೆ ಸೋಮವಾರಪೇಟೆಯ ಸಂತೆಯಲ್ಲಿ ಸಿಕ್ಕಿದ ನೆಂಟರೊಬ್ಬರು ತಮ್ಮ ತೋಳಿನ ಗಂಟನ್ನು ತೋರಿಸಿ, ನಾನು ಹೋಗಿದ್ದ ಜಾಗಕ್ಕೇ ಹೋಗುವುದಾಗಿ ಹೇಳಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ಕಳೆದ ವರ್ಷ ಮಾರ್ಚ್‌ನಲ್ಲಿ ಮೆಣಸು ಕುಯ್ಲು ನಡೆಯುತ್ತಿತ್ತು. ಏಣಿಯ ಮೇಲೆ ನಿಂತು ಬಲತೋಳನ್ನು ಮರಕ್ಕೆ ಆನಿಸಿ ಗೊಂಚಲು ಬಿಡಿಸುವಾಗಲೆಲ್ಲ ಕಿರುಬೆರಳಿಗೆ ಜುಮ್ಮೆಂದು ಹೊಡೆಯುತ್ತಿತ್ತು. ಮುಟ್ಟಿ ನೋಡಿದರೆ ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ತೋಳಿನ ಒಳಬದಿಯಲ್ಲಿ, ಅಡಿಕೆ ಗಾತ್ರದ ಗಂಟು. ಅದು ಅಡ್ಡಕ್ಕೆ ಜಾರುತ್ತಿತ್ತು, ಉದ್ದಕ್ಕೆ ಅಲುಗುತ್ತಿರಲಿಲ್ಲ. ಈ ಎರಡು ಲಕ್ಷಣಗಳೇ, ಎಂದರೆ ತಟ್ಟಿದರೆ ಬೆರಳಿಗೆ ಹೊಡೆಯುವುದು ಮತ್ತು ಅಡ್ಡಕ್ಕೆ ಮಾತ್ರ ಜಾರುವುದು, ಗಂಟು ನರದ್ದಿರಬಹುದು ಎಂಬ ಸೂಚನೆ ಎಂದು ನನಗೆ ಗೊತ್ತಾದದ್ದು ಎಲ್ಲ ಹಾಳಾದ ಮೇಲೆ.

ಜಿಲ್ಲೆಯ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋದೆ. ಹೆಸರು ಬರೆಯುವುದಿಲ್ಲ. ವೈದ್ಯರು ಎರಡು ಬೆರಳಿನಿಂದ ಒತ್ತಿ ನೋಡಿ, ‘ಕೊಬ್ಬಿನ ಗಡ್ಡೆ, ಹದಿನೈದು ನಿಮಿಷದ ಕೆಲಸ’ ಎಂದರು. ಒತ್ತಿದಾಗ ನಾನು ಬೆಚ್ಚಿಬಿದ್ದದ್ದನ್ನು ಅವರೂ ನೋಡಿದರು. ಬೆರಳಿಗೆ ಹೊಡೆಯುತ್ತದೆ ಸರ್ ಎಂದೂ ಹೇಳಿದೆ. ನನ್ನ ಹೆಂಡತಿ, ‘ಒಂದು ಸ್ಕ್ಯಾನ್ ಮಾಡಿಸಿ ನೋಡಬಹುದಲ್ಲವೇ ಸರ್’ ಎಂದು ಕೇಳಿದಳು. ಅವರು ನಕ್ಕು, ‘ಇಷ್ಟು ಸಣ್ಣ ಗಂಟಿಗೆ ಸ್ಕ್ಯಾನ್ ಯಾಕಮ್ಮಾ, ಸುಮ್ಮನೆ ದುಡ್ಡು ದಂಡ’ ಎಂದರು. ನಾನೂ ಅವಳ ಕಡೆ ತಿರುಗಿ, ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದುಬಿಟ್ಟೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಏಪ್ರಿಲ್ ಮೊದಲ ವಾರ 12,000 ರೂಪಾಯಿ ಕಟ್ಟಿಸಿಕೊಂಡು, ಆ ಜಾಗವನ್ನು ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದರು. ಸ್ವಲ್ಪ ಹೊತ್ತಿನಲ್ಲಿ ತೋಳಿನಿಂದ ಕಿರುಬೆರಳಿನವರೆಗೆ ಬೆಂಕಿಯ ಗೆರೆ ಎಳೆದಂಥ ನೋವು ಬಂದು ‘ನಿಲ್ಲಿಸಿ ಸರ್’ ಎಂದು ಕಿರುಚಿದೆ. ‘ಸ್ವಲ್ಪ ಅಂಟಿಕೊಂಡಿದೆ, ಇನ್ನೇನು ಬಂದುಬಿಟ್ಟಿತು’ ಎಂದು ಇನ್ನೊಂದು ಇಂಜೆಕ್ಷನ್ ಕೊಟ್ಟು ಮುಂದುವರಿಸಿದರು. ನಿಲ್ಲಿಸಲಿಲ್ಲ. ಅಂಟಿಕೊಂಡದ್ದು ಯಾವುದಕ್ಕೆ ಎಂದು ಆ ಹೊತ್ತಿನಲ್ಲಾದರೂ ಯೋಚಿಸಬೇಡವೇ?

ಮರುದಿನ ಕಿರುಬೆರಳಿನಲ್ಲಿ, ಪಕ್ಕದ ಉಂಗುರ ಬೆರಳಿನ ಅರ್ಧ ಭಾಗದಲ್ಲಿ ಸ್ಪರ್ಶವೇ ಇರಲಿಲ್ಲ. ‘ಊತ ಇಳಿದರೆ ಸರಿಹೋಗುತ್ತದೆ’ ಎಂದರು. ಹೊಲಿಗೆ ಬಿಚ್ಚುವ ದಿನವೂ ಅದೇ ಮಾತು, ಜೊತೆಗೆ ವಿಟಮಿನ್ ಮಾತ್ರೆ. ಜೂನ್‌ನಲ್ಲೂ ಅದೇ ಮಾತು, ಅದೇ ಮಾತ್ರೆ. ಅಷ್ಟರಲ್ಲಿ ಬೆರಳುಗಳನ್ನು ಅಗಲಿಸಲು ಆಗುತ್ತಿರಲಿಲ್ಲ, ಅಂಗಡಿಯವರು ಕೊಟ್ಟ ಚಿಲ್ಲರೆ ಕೈಯಿಂದ ಜಾರಿ ಬೀಳುತ್ತಿತ್ತು. ಒಂದು ಬೆಳಗ್ಗೆ ಬಿಸಿನೀರಿನ ಹಂಡೆಯ ಅಂಚಿಗೆ ಕಿರುಬೆರಳು ತಗುಲಿ ಬೊಬ್ಬೆ ಎದ್ದಿದೆ, ನನಗೆ ತಿಳಿದೇ ಇಲ್ಲ. ಮಗಳು ನೋಡಿ ‘ಅಪ್ಪಾ, ನಿಮ್ಮ ಬೆರಳು ಸುಟ್ಟಿದೆ’ ಎಂದಾಗಲೇ ಗೊತ್ತಾದದ್ದು.

ಆಗ ಹೋಗಿ ಗಂಟಿನ ಪರೀಕ್ಷೆಯ ವರದಿ ಕೊಡಿ ಎಂದು ಕೇಳಿದೆ. ದೇಹದಿಂದ ತೆಗೆದ ಗಂಟನ್ನು ಲ್ಯಾಬಿಗೆ ಕಳಿಸುತ್ತಾರೆ, ವರದಿ ಫೈಲಿನಲ್ಲಿರುತ್ತದೆ ಎಂದೇ ನಾನು ನಂಬಿಕೊಂಡಿದ್ದೆ. ಕೌಂಟರಿನಲ್ಲಿದ್ದವರು ಒಳಗೆ ಹೋಗಿ ಬಂದು, ‘ಕಳಿಸಿಲ್ಲ’ ಎಂದರು. ವೈದ್ಯರನ್ನೇ ಕೇಳಿದರೆ, ‘ಕೊಬ್ಬಿನ ಗಡ್ಡೆಯನ್ನು ಯಾರು ಪರೀಕ್ಷೆಗೆ ಕಳಿಸುತ್ತಾರೆ? ಎಸೆದಾಯಿತು’ ಎಂದರು. ಅದು ಕೊಬ್ಬು ಎಂದು ಪರೀಕ್ಷೆ ಇಲ್ಲದೆ ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ ಒಪ್ಪಿಗೆ ಪತ್ರವನ್ನು ನನ್ನ ಮುಂದೆ ತಳ್ಳಿ, ‘ನೀವೇ ಸಹಿ ಹಾಕಿದ್ದೀರಲ್ಲ’ ಎಂದರು. ಅಲ್ಲಿ ಕುಳಿತ ಕುರ್ಚಿಯಿಂದ ಏಳಲು ನನಗೆ ಶಕ್ತಿಯಿರಲಿಲ್ಲ. ನಾಲ್ಕು ತಿಂಗಳು ಇವರ ‘ಸರಿಹೋಗುತ್ತದೆ’ ಎಂಬ ಒಂದೇ ಮಾತನ್ನು ನಂಬಿ ಕಾದಿದ್ದೆನಲ್ಲ ಎಂಬ ಅವಮಾನ ಅದು.

ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಎಂಆರ್‌ಐ ಮತ್ತು ನರದಲ್ಲಿ ಸಂಕೇತ ಹರಿಯುವ ವೇಗ ಅಳೆಯುವ ಎನ್‌ಸಿವಿ ಪರೀಕ್ಷೆ ಆಯಿತು. ಗಂಟಿನ ಒಂದು ಭಾಗ ತೋಳಿನಿಂದ ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರದಲ್ಲಿಯೇ ಉಳಿದಿತ್ತು, ನರದ ಬಹುಪಾಲು ಎಳೆಗಳು ತುಂಡಾಗಿದ್ದವು. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ. ಈ ಬಾರಿ ಲ್ಯಾಬಿನ ವರದಿ ಬಂತು: ಶ್ವಾನೋಮಾ. ನರದ ಹೊದಿಕೆಯ ಶ್ವಾನ್ ಕೋಶಗಳಿಂದ ಹುಟ್ಟುವ ಗಡ್ಡೆ, ಕ್ಯಾನ್ಸರ್ ಅಲ್ಲ. ಅಲ್ಲಿಯ ವೈದ್ಯರು ನಾನು ಕಾಫಿ ಬೆಳೆಗಾರನೆಂದು ತಿಳಿದು, ಮಾಗಿದ ಹಣ್ಣನ್ನು ಹಿಸುಕಿದರೆ ಬೀಜ ಹೊರಗೆ ಜಾರುವಂತೆ ಈ ಗಡ್ಡೆಯನ್ನು ಸಾಮಾನ್ಯವಾಗಿ ನರದ ಎಳೆಗಳನ್ನು ಉಳಿಸಿಕೊಂಡೇ ಬಿಡಿಸಿ ತೆಗೆಯಬಹುದು, ಅದಕ್ಕೆ ಮೈಕ್ರೋಸ್ಕೋಪ್ ಬೇಕು, ಯಾವ ಎಳೆ ಕೆಲಸ ಮಾಡುತ್ತಿದೆ ಎಂದು ಪರೀಕ್ಷಿಸುವ ಸಾಧನ ಬೇಕು, ನರದ ಕೆಲಸ ಬಲ್ಲ ಕೈ ಬೇಕು ಎಂದು ವಿವರಿಸಿದರು. ನ್ಯೂರೋಫೈಬ್ರೋಮಾ ಎಂಬ ಇನ್ನೊಂದು ಬಗೆಯಲ್ಲಿ ಎಳೆಗಳು ಗಡ್ಡೆಯೊಳಗೇ ಹೆಣೆದುಕೊಂಡಿರುವುದರಿಂದ ಅದನ್ನು ಬಿಡಿಸುವುದು ಕಷ್ಟವಂತೆ. ಬೇಗ ಬೆಳೆಯುವ, ಸುಮ್ಮನಿದ್ದಾಗಲೂ ನೋಯುವ, ಕೈಯ ಬಲ ಕುಗ್ಗಿಸುವ ಗಂಟಾದರೆ ಕ್ಯಾನ್ಸರ್ ಇರಬಹುದೆಂದು ಬೇರೆಯೇ ಎಚ್ಚರ ವಹಿಸುತ್ತಾರಂತೆ. ನನ್ನದು ಸುಲಭದ ಬಗೆಯಾಗಿತ್ತು! ಮೊದಲೇ ಸರಿಯಾದ ಕೈಗೆ ಸಿಕ್ಕಿದ್ದರೆ ಬೆರಳು ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು.

ಈಗ ಮೀನಖಂಡದಿಂದ ತೆಗೆದ ನರದ ತುಂಡುಗಳನ್ನು ತೋಳಿನಲ್ಲಿ ಜೋಡಿಸಿದ್ದಾರೆ. ಅದಕ್ಕಾಗಿ ಪಾದದ ಹೊರಬದಿಯ ಸ್ಪರ್ಶವನ್ನೂ ಕಳೆದುಕೊಂಡೆ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ನನ್ನ ತೋಳಿನಿಂದ ಅಂಗೈಗೆ ಸುಮಾರು 35 ಸೆಂಟಿಮೀಟರ್, ಅಂದರೆ ಒಂದು ವರ್ಷದ ದಾರಿ. ನರ ತಲುಪುವಷ್ಟರಲ್ಲಿ ಅಂಗೈಯ ಸಣ್ಣ ಸ್ನಾಯುಗಳು ಸೊರಗಿಹೋಗಿರಬಹುದು, ಪೂರ್ತಿ ಬಲ ಬರುತ್ತದೆಂಬ ಭರವಸೆ ಇಲ್ಲ ಎಂದಿದ್ದಾರೆ. ವಿಟಮಿನ್ ಮಾತ್ರೆ ನುಂಗುತ್ತಾ ಕಳೆದ ಆ ನಾಲ್ಕು ತಿಂಗಳನ್ನು ಯಾರು ತಂದುಕೊಡುತ್ತಾರೆ?

ಗಂಟು ಮುಟ್ಟಿದರೆ ಬೆರಳಿಗೆ ಹೊಡೆಯುತ್ತದೆ ಎಂದು ನೀವು ಹೇಳಿದ ಮೇಲೂ ಸ್ಕ್ಯಾನ್ ಬೇಡ ಎನ್ನುವವರ ಮುಂದಿನಿಂದ ಎದ್ದು ಬನ್ನಿ. ಎಂಆರ್‌ಐ ಮಾಡಿಸಿ, ಯಾವ ನರ ಎಂದು ಕೇಳಿ. ತೆಗೆದದ್ದನ್ನು ಲ್ಯಾಬಿಗೆ ಕಳಿಸುವುದಾಗಿ ಮೊದಲೇ ಬರೆಸಿಕೊಳ್ಳಿ. ಕೊಯ್ದ ಮೇಲೆ ಬೆರಳು ಸತ್ತಂತಿದ್ದರೆ ನನ್ನಂತೆ ಕಾಯದೆ ನರದ ಶಸ್ತ್ರಚಿಕಿತ್ಸಕರ ಬಳಿಗೆ ಹೋಗಿ. ನಿಮ್ಮ ಹೆಂಡತಿ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ.

ಎರಡನೆಯ ಶಸ್ತ್ರಚಿಕಿತ್ಸೆಯಾಗಿ ಈಗ ಐದು ತಿಂಗಳಾಗಿದೆ. ನರದ ಉದ್ದಕ್ಕೂ ತಟ್ಟುತ್ತಾ ಹೋದರೆ ಜುಮ್ಮೆನ್ನುವ ಜಾಗ, ಅಂದರೆ ನರ ಬೆಳೆದು ಬಂದಿರುವ ತುದಿ, ಮುಂಗೈಯ ನಡುವಿಗೆ ಬಂದಿದೆ, ಪ್ರತಿ ಭಾನುವಾರ ಪೆನ್ನಿನಿಂದ ಗುರುತು ಹಾಕುತ್ತೇನೆ. ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, ಅದಕ್ಕೆ ನನ್ನ ಫೈಲು ಬೇಕು. ಅದನ್ನು ಕೇಳಿ ಆ ನರ್ಸಿಂಗ್ ಹೋಮ್‌ಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿದ್ದೇನೆ. ಪತ್ರ ತಲುಪಿ ಐದು ವಾರಗಳಾದವು, ಫೈಲು ಇನ್ನೂ ಬಂದಿಲ್ಲ.